ಕೆಂಪು ಮಂಜು: ಹವಾಯಿಯ ದೊಡ್ಡ ದ್ವೀಪದಲ್ಲಿ ಏಳು ದಿನ

ಹೊರಡುವ ಮುನ್ನ

ಭಾವ ತಯಾರಿಸಿದ ವೇಳಾಪಟ್ಟಿಯ ಎರಡನೇ ದಿನದಲ್ಲಿ ಹೀಗೊಂದು ಸಾಲಿತ್ತು: "ಸಂಜೆ 7.00ರಿಂದ 7.30: ಲಾವಾ ವೀಕ್ಷಣೆ." ಅದರ ಕೆಳಗೆ, "7.30ರಿಂದ 8.15: ಊಟ." ಮೂವತ್ತೈದು ವರ್ಷ ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರ್ ಅವರು. ಕಾಂಕ್ರೀಟ್ ಗಟ್ಟಿಯಾಗಲು ಎಷ್ಟು ದಿನ ಬೇಕೆಂದು ಬಲ್ಲವರಿಗೆ ಕರಗಿದ ಕಲ್ಲು ಎಷ್ಟು ಗಂಟೆಗೆ ಮೇಲೆ ಬರುತ್ತದೆ ಎಂಬುದೂ ಗೊತ್ತಿರಬೇಕು ಎಂದು ಅಕ್ಕ ನಕ್ಕಳು.

ಅಕ್ಕ, ಭಾವ ನನ್ನ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದು ಎರಡು ತಿಂಗಳಾಗಿತ್ತು. ಅಕ್ಕನಿಗೆ ಬೇಕಾಗಿದ್ದು ಬೆಚ್ಚಗಿನ ಸಮುದ್ರ, ಕೂರಲು ಮರಳು, ಎದ್ದು ಹೋಗು ಎನ್ನುವವರಿಲ್ಲದ ಒಂದು ಮಧ್ಯಾಹ್ನ. ನನಗೆ ಬೇಕಾಗಿದ್ದು ಜ್ವಾಲಾಮುಖಿ. ಎರಡೂ ಒಂದೇ ಕಡೆ ಸಿಗುವ ಜಾಗ ಹವಾಯಿಯ ದೊಡ್ಡ ದ್ವೀಪ. ಹವಾಯಿಯ ಉಳಿದ ದ್ವೀಪಗಳನ್ನೆಲ್ಲ ಒಟ್ಟು ಸೇರಿಸಿದರೂ ಇದಕ್ಕಿಂತ ಚಿಕ್ಕವು. ವಿಸ್ತೀರ್ಣ ಸುಮಾರು 10,400 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು. ಅಲ್ಲಿನ ಹಾಗೆಯೇ ಇಲ್ಲಿಯೂ ಒಂದು ಪಕ್ಕ ಮಳೆ, ಒಂದು ಪಕ್ಕ ಬಿಸಿಲು. ಪೂರ್ವದ ಹಿಲೊ ಊರಿಗೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಪಶ್ಚಿಮದ ಕೋನಾ ಕರಾವಳಿ ಒಣಗಿದ ಕಪ್ಪು ಬಯಲು.

ತೊಡಕು ಇದ್ದದ್ದು ಬೆಟ್ಟದಲ್ಲಿ. ಕಿಲವೇಯ ಜ್ವಾಲಾಮುಖಿ 2024ರ ಡಿಸೆಂಬರ್ 23ರಿಂದ ಒಂದು ವಿಚಿತ್ರ ಪದ್ಧತಿ ಹಿಡಿದಿದೆ. ಕೆಲವು ಗಂಟೆ ಕಾರಂಜಿಯಂತೆ ಲಾವಾ ಚಿಮ್ಮಿಸುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಆ ಮೌನ ಕೆಲವೊಮ್ಮೆ ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅದಕ್ಕೆ ಮುಂಗಡ ಟಿಕೆಟ್ ಇಲ್ಲ. ಹಾಗಾಗಿ ನಾನು ಹಿಡಿದ ಹಟ ಎರಡು. ಬೆಟ್ಟ ಮೊದಲು, ಕಡಲು ಆಮೇಲೆ. ತಡವಾದರೆ ಕಡಲಿನ ದಿನ ಕಡಿಮೆಯಾಗಲಿ, ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ. ಎರಡನೆಯದು, ಮೂರನೇ ದಿನ ಸಂಜೆ ಮತ್ತು ನಾಲ್ಕನೇ ದಿನ ಹಗಲಿಡೀ ಖಾಲಿ ಇರಬೇಕು. ಭಾವ ಒಪ್ಪಿದರು, ಆದರೆ ಖಾಲಿ ಚೌಕವನ್ನು ನೋಡಲು ಅವರಿಂದ ಆಗಲಿಲ್ಲ. ಮರುದಿನ ಕಳಿಸಿದ ಪಟ್ಟಿಯಲ್ಲಿ ಆ ಚೌಕಗಳ ತುಂಬ "ಕಾಯ್ದಿರಿಸಲಾಗಿದೆ" ಎಂದಿತ್ತು.

ಬಟ್ಟೆಬರೆಯ ಬಗ್ಗೆ ಒಂದೇ ಮಾತು. ಬೆಚ್ಚಗಿನ ಊರಿಗೆ ಹೋಗುತ್ತಿದ್ದೇವೆಂದು ಬರೀ ಹತ್ತಿ ಬಟ್ಟೆ ತುಂಬಿಕೊಂಡರೆ ಕೆಟ್ಟಿರಿ. ಕಿಲವೇಯದ ಕುಳಿಯಂಚು ಸಮುದ್ರಮಟ್ಟದಿಂದ 1,200 ಮೀಟರ್ ಎತ್ತರದಲ್ಲಿದೆ. ರಾತ್ರಿ ಅಲ್ಲಿ ಮಡಿಕೇರಿಯ ಡಿಸೆಂಬರ್. ಸ್ವೆಟರ್, ಮಳೆಯಂಗಿ, ಮುಚ್ಚಿದ ಬೂಟು, ಟಾರ್ಚು ನಾಲ್ಕೂ ಬೇಕೇ ಬೇಕು.

ಮೊದಲ ದಿನ: ಹಿಲೊ

ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊನೊಲುಲು ಐದು ಗಂಟೆಯ ಮೇಲೆ, ಅಲ್ಲಿಂದ ಹಿಲೊಗೆ ಒಂದು ಗಂಟೆಗೂ ಕಡಿಮೆ. ಇಳಿಯುವಾಗಲೇ ಮಳೆ. ಹಿಲೊದಲ್ಲಿ ತೆಗೆದುಕೊಂಡ ಬಾಡಿಗೆ ಕಾರನ್ನು ಕೋನಾದಲ್ಲಿ ಬಿಡುವುದಕ್ಕೆ ಹೆಚ್ಚುವರಿ ಹಣ ಕೊಡಬೇಕಾಯಿತು. ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಇಲ್ಲದಿದ್ದರೆ ಕೊನೆಯ ದಿನ ದ್ವೀಪವನ್ನು ಅಡ್ಡ ಹಾಯ್ದು ವಾಪಸು ಬರಬೇಕಿತ್ತು.

ಸಂಜೆ ಮಳೆ ನಿಂತಾಗ ಕಡಲ ಬದಿಗೆ ನಡೆದೆವು. ಪೇಟೆ ಮತ್ತು ಸಮುದ್ರದ ನಡುವೆ ಉದ್ದಕ್ಕೂ ಹುಲ್ಲಿನ ಬಯಲು. "ಇಷ್ಟು ಒಳ್ಳೆಯ ಜಾಗವನ್ನು ಯಾಕೆ ಖಾಲಿ ಬಿಟ್ಟಿದ್ದಾರೆ?" ಎಂದಳು ಅಕ್ಕ. ಖಾಲಿ ಬಿಟ್ಟದ್ದಲ್ಲ, ಖಾಲಿಯಾದದ್ದು. 1946ರ ಏಪ್ರಿಲ್ 1ರ ಬೆಳಿಗ್ಗೆ ಅಲ್ಯೂಷಿಯನ್ ದ್ವೀಪಗಳ ಭೂಕಂಪದಿಂದ ಎದ್ದ ಸುನಾಮಿ ಇಲ್ಲಿಗೆ ಬಂತು. ಏಪ್ರಿಲ್ ಒಂದಾದ್ದರಿಂದ ತಮಾಷೆ ಎಂದುಕೊಂಡವರೂ ಇದ್ದರಂತೆ. ಊರನ್ನು ಮತ್ತೆ ಕಟ್ಟಿದರು. 1960ರಲ್ಲಿ ಚಿಲಿಯ ಭೂಕಂಪದ ಅಲೆ ಬಂದು ಹಿಲೊದಲ್ಲಿ 61 ಜನರನ್ನು ಬಲಿ ತೆಗೆದುಕೊಂಡಿತು. ಆಮೇಲೆ ಈ ಬಯಲಿನಲ್ಲಿ ಮನೆ ಕಟ್ಟುವುದನ್ನೇ ಬಿಟ್ಟರು. ರಸ್ತೆ ಬದಿಯಲ್ಲಿ ಹಸಿರು ಕಂಬದ ಮೇಲೊಂದು ಗಡಿಯಾರ ನಿಂತಿದೆ. ಮುಳ್ಳುಗಳು ತೋರಿಸುವುದು 1.04, ಅಂದು ರಾತ್ರಿ ಅಲೆ ಹೊಡೆದ ಹೊತ್ತು. ದುರಸ್ತಿ ಮಾಡದೆ ಹಾಗೆಯೇ ಇಟ್ಟಿದ್ದಾರೆ. ಭಾವ ತಮ್ಮ ಕೈಗಡಿಯಾರವನ್ನೂ ಅದನ್ನೂ ಒಂದೆರಡು ಸಲ ನೋಡಿದರು. ಏನೂ ಹೇಳಲಿಲ್ಲ.

ಎರಡನೇ ದಿನ: ಕುಳಿಯ ಅಂಚು

ಹಿಲೊದಿಂದ ಕಿಲವೇಯ ಇರುವ ರಾಷ್ಟ್ರೀಯ ಉದ್ಯಾನಕ್ಕೆ ಮುಕ್ಕಾಲು ಗಂಟೆ. ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡು ಇಟ್ಟುಕೊಂಡಿರಿ.

ಕುಳಿಯ ಅಂಚಿಗೆ ಹೋಗಿ ನಿಂತಾಗ ಮೊದಲು ಅನ್ನಿಸಿದ್ದು ನಿರಾಸೆ. ಬೆಂಕಿ ಇಲ್ಲ, ಹೊಳಪಿಲ್ಲ. ಕೆಳಗೆ ಬೂದುಗಪ್ಪು ನೆಲ, ಅಲ್ಲಲ್ಲಿ ಬಿಳಿ ಹೊಗೆ, ಗಂಧಕದ ಘಾಟು. ಆಮೇಲೆ ನಿಧಾನವಾಗಿ ಅದರ ಅಳತೆ ತಲೆಗೆ ಹತ್ತುತ್ತದೆ. 2018ರಲ್ಲಿ ಬೆಟ್ಟದ ಒಡಲಿನ ಲಾವಾ ಪೂರ್ವದ ತಗ್ಗಿಗೆ ಹರಿದು ಏಳುನೂರರಷ್ಟು ಮನೆಗಳನ್ನು ನುಂಗಿತು. ಒಳಗೆ ಆಧಾರ ತಪ್ಪಿ ಇಲ್ಲಿನ ನೆಲ ಕುಸಿಯಿತು. ಹಲೆಮಾಉಮಾಉ ಕುಳಿ ಸುಮಾರು 500 ಮೀಟರ್ ಆಳಕ್ಕೆ ಇಳಿಯಿತು. ಆ ಹೊಂಡವನ್ನು ಬೆಟ್ಟ ಈಗ ತಾನೇ ಮತ್ತೆ ತುಂಬಿಸುತ್ತಿದೆ.

ಮಧ್ಯಾಹ್ನ ಕಿಲವೇಯ ಇಕಿ ಎಂಬ ಪಕ್ಕದ ಕುಳಿಗೆ ಇಳಿದೆವು. ಐದು ಕಿಲೋಮೀಟರ್ ಮೀರಿದ ಸುತ್ತು. ಜರೀಗಿಡಗಳ ಮಳೆಕಾಡಿನಲ್ಲಿ 120 ಮೀಟರ್ ಇಳಿದರೆ ಒಮ್ಮೆಗೇ ಮರಗಳು ಮುಗಿದು, ಹೆಪ್ಪುಗಟ್ಟಿದ ಲಾವಾ ಕೆರೆಯ ಮೇಲೆ ನಿಂತಿರುತ್ತೇವೆ. 1959ರಲ್ಲಿ ಇಲ್ಲಿ ಚಿಮ್ಮಿದ ಕಾರಂಜಿ 580 ಮೀಟರ್ ಎತ್ತರಕ್ಕೆ ಹೋಗಿತ್ತು. ಬಿರುಕುಗಳಿಂದ ಇನ್ನೂ ಹಬೆ ಬರುತ್ತದೆ. ಅಕ್ಕ ಒಂದು ಬಿರುಕಿನ ಮೇಲೆ ಕೈ ಹಿಡಿದು, "ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗಿದೆ" ಎಂದಳು. ಆ ಬಿರುಕುಗಳಲ್ಲೇ ಮೊಣಕಾಲೆತ್ತರದ ಓಹಿಯಾ ಗಿಡಗಳು ಕೆಂಪು ಕುಚ್ಚಿನಂಥ ಹೂ ಬಿಟ್ಟು ನಿಂತಿವೆ. ಹೊಸ ಲಾವಾದ ಮೇಲೆ ಮೊದಲು ಬೇರೂರುವ ಮರಗಳಲ್ಲಿ ಅದೂ ಒಂದು. ಈಚೆಗೆ ಒಂದು ಶಿಲೀಂಧ್ರ ರೋಗ ಈ ಮರಗಳನ್ನು ಕೊಲ್ಲುತ್ತಿದೆ. ದಾರಿಯ ಬಾಯಲ್ಲಿ ಬೂಟಿನ ಮಣ್ಣು ಉಜ್ಜಿ ತೆಗೆಯಲು ಬ್ರಷ್ ಇಟ್ಟಿರುವುದು ಅದಕ್ಕೆ. ಅದನ್ನು ಕಡೆಗಣಿಸಿ ನಡೆದುಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸಂಜೆ ಏಳಕ್ಕೆ ಭಾವ ಕುಳಿಯ ಅಂಚಿನಲ್ಲಿ ಕುಳಿತರು. ಏಳೂವರೆಗೆ ಎದ್ದರು. ಹೊಗೆಯ ಬುಡದಲ್ಲಿ ಒಲೆಯ ಕೆಂಡದಷ್ಟು ಕೆಂಪು ಮಾತ್ರ ಕಾಣಿಸಿತ್ತು.

ಮೂರನೇ ದಿನ: ಕಾಯುವುದು

ಉದ್ಯಾನದ ಹತ್ತಿರದ ಹಳ್ಳಿಯಲ್ಲಿ ಮರದ ಮನೆಯೊಂದನ್ನು ಹಿಡಿದಿದ್ದೆವು. ಬೆಳಿಗ್ಗೆ ಎದ್ದರೆ ಭಾವ ಮೊಬೈಲ್ ಹಿಡಿದು ಜಗುಲಿಯಲ್ಲಿದ್ದಾರೆ. 1912ರಿಂದ ಈ ಬೆಟ್ಟದ ನಾಡಿ ಹಿಡಿದಿರುವ ಜ್ವಾಲಾಮುಖಿ ವೀಕ್ಷಣಾಲಯದ ದಿನದ ವರದಿ ಅವರ ಕೈಗೆ ಸಿಕ್ಕಿತ್ತು. ಅಲ್ಲಿಂದ ಮುಂದೆ ಪ್ರವಾಸ ನನ್ನ ಕೈ ತಪ್ಪಿತು.

"ಇದು ಬಹಳ ಸರಳ" ಎಂದು ಶುರು ಮಾಡಿದರು. ಅಡಿಯಲ್ಲಿ ಶಿಲಾಪಾಕ ತುಂಬಿದಂತೆ ಬೆಟ್ಟ ಉಬ್ಬುತ್ತದೆ, ನೆಲ ಓರೆಯಾಗುತ್ತದೆ. ಚಿಮ್ಮಿ ಖಾಲಿಯಾದಾಗ ಕುಗ್ಗುತ್ತದೆ. ಆ ಓರೆಯನ್ನು ಅಳೆಯುವ ಉಪಕರಣಗಳನ್ನು ನೆಲದಲ್ಲಿ ಹುಗಿದಿಟ್ಟಿದ್ದಾರೆ. ಅಳತೆಯ ಘಟಕ ಮೈಕ್ರೋರೇಡಿಯನ್. "ಒಂದು ಕಿಲೋಮೀಟರ್ ಉದ್ದದ ತೊಲೆಯ ಒಂದು ತುದಿಯನ್ನು ಒಂದು ಮಿಲಿಮೀಟರ್ ಎತ್ತಿದರೆ ಎಷ್ಟು ಓರೆಯೋ ಅಷ್ಟು. ನಮ್ಮ ಸೇತುವೆಗೆ ಇಂಥ ಉಪಕರಣ ಒಂದು ಸಿಕ್ಕಿದ್ದರೆ!" ಎಂದು ನಿಟ್ಟುಸಿರಿಟ್ಟರು. ಕಳೆದ ಸಲ ಕಳೆದುಕೊಂಡ ಓರೆ ಬಹುಮಟ್ಟಿಗೆ ಮರಳಿ ಬಂದಿದೆ, ಮುಂದಿನ ಎರಡು ಮೂರು ದಿನಗಳಲ್ಲಿ ಚಿಮ್ಮಬಹುದು ಎಂದಿತ್ತು ವರದಿ. ಗಂಟೆ ಹೇಳಿರಲಿಲ್ಲ. ಆದರೂ ಅದನ್ನು ಅವರು ಓದಿದ ರೀತಿ ನೋಡಿ ನನಗೆ ಸಮಾಧಾನವಾಯಿತು. ಬೆಟ್ಟ ಹೇಳಿದ ಮಾತು ಕೇಳುವುದಿಲ್ಲ ಎಂಬ ಸಿಟ್ಟು ಅವರಲ್ಲಿ ಇಳಿದಿತ್ತು. ಅದು ಲೆಕ್ಕ ಇಟ್ಟಿದೆ, ಅಷ್ಟು ಸಾಕು ಎಂಬಂತಿದ್ದರು.

ಹಗಲು ಕುಳಿಗಳ ಸಾಲಿನ ರಸ್ತೆ ಹಿಡಿದು ಸಮುದ್ರದವರೆಗೆ ಇಳಿದೆವು. ಮೂವತ್ತು ಕಿಲೋಮೀಟರ್, ತಂಪು ಕಾಡಿನಿಂದ ಸುಡುವ ಬಂಡೆಯವರೆಗೆ. ದಾರಿಯಲ್ಲಿ ಎರಡು ಬಗೆಯ ಲಾವಾ ಪಕ್ಕಪಕ್ಕದಲ್ಲೇ ಸಿಗುತ್ತದೆ: ಹಗ್ಗ ಸುತ್ತಿಟ್ಟಂತೆ ನುಣುಪಾದದ್ದು ಪಾಹೊಯ್‌ಹೊಯ್, ಚೂರುಚೂರಾಗಿ ಅಂಗಾಲು ಕೊಯ್ಯುವಂಥದ್ದು ಆಆ. ಎರಡೂ ಹವಾಯಿಯ ಮಾತುಗಳೇ, ಈಗ ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವಂಥವು. ಹರಿಯುತ್ತ ಆರುತ್ತ ಪಾಹೊಯ್‌ಹೊಯ್ ಆಆ ಆಗಬಹುದು, ಆಆ ಮಾತ್ರ ಮತ್ತೆ ಪಾಹೊಯ್‌ಹೊಯ್ ಆಗುವುದಿಲ್ಲ ಎಂದು ನಾನು ಓದಿದ್ದನ್ನು ಹೇಳಿದೆ. ಅಕ್ಕನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. "ಬೆಲ್ಲದ ಪಾಕವೂ ಅಷ್ಟೇ. ಒಮ್ಮೆ ಏರಿತು ಎಂದರೆ ಇಳಿಸಲು ಯಾರ ಕೈಯಲ್ಲಾಗುತ್ತದೆ?"

ಪುಉಲೊಆ ಎಂಬಲ್ಲಿ ಕಾರು ನಿಲ್ಲಿಸಿ ಒಂದು ಕಿಲೋಮೀಟರ್ ನಡೆದೆವು. ಹಳೆಯ ಲಾವಾ ದಿಬ್ಬದ ಮೇಲೆ 23,000ಕ್ಕೂ ಹೆಚ್ಚು ಶಿಲಾರೇಖೆಗಳಿವೆ. ಮನುಷ್ಯರ ಆಕೃತಿಗಳೂ ಇವೆ, ಆದರೆ ಹೆಚ್ಚಿನವು ಬರೀ ಕುಳಿಗಳು, ಬೆರಳ ತುದಿ ಹಿಡಿಸುವಷ್ಟು. ಮಗು ಹುಟ್ಟಿದಾಗ ಅದರ ಹೊಕ್ಕುಳಬಳ್ಳಿಯ ತುಣುಕನ್ನು ಇಂಥ ಕುಳಿಯಲ್ಲಿಟ್ಟು ಕಲ್ಲು ಮುಚ್ಚಿ ಹೋಗುತ್ತಿದ್ದರಂತೆ, ಆಯುಸ್ಸು ಗಟ್ಟಿಯಾಗಲಿ ಎಂದು. ಹಲಗೆ ಹಾದಿಯ ಕಟಕಟೆ ಹಿಡಿದು ಅಕ್ಕ ತುಂಬ ಹೊತ್ತು ನಿಂತಳು. ನಾನು ಹುಟ್ಟಿದಾಗ ಅಜ್ಜಿ ನನ್ನ ಹೊಕ್ಕುಳಬಳ್ಳಿಯನ್ನು ಹಿತ್ತಲ ತೆಂಗಿನ ಬುಡದಲ್ಲಿ ಹೂತದ್ದನ್ನು ಅವಳು ಕಂಡಿದ್ದಳು. ಅವಳಿಗೆ ಆಗ ಒಂಬತ್ತು ವರ್ಷ. ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ.

ನಾಲ್ಕನೇ ದಿನ: ಕಪ್ಪು ಮರಳು, ಕೆಂಪು ಮಂಜು

ಪಟ್ಟಿಯ ಪ್ರಕಾರ ಅಂದು ರಾತ್ರಿಗೆ ನಾವು ಕೋನಾ ಸೇರಬೇಕು. ಬೆಳಗಿನ ವರದಿಯಲ್ಲಿ ಕುಳಿಯ ಬಾಯಿಯಿಂದ ಲಾವಾ ಆಗಾಗ ಉಕ್ಕಿ ಹರಿದು ಮತ್ತೆ ಒಳಗಿಳಿಯುತ್ತಿದೆ ಎಂದಿತ್ತು. ಹಾಲು ಉಕ್ಕುವ ಮುನ್ನ ಅಂಚಿಗೆ ಬಂದು ಇಳಿಯುತ್ತದಲ್ಲ, ಹಾಗೆ. ಹೋಗುವುದೋ ಉಳಿಯುವುದೋ ಎಂದು ನಾನು ಕೇಳುವ ಮೊದಲೇ ಭಾವ ಮನೆಯಾತನಿಗೆ ಫೋನ್ ಮಾಡಿ ಇನ್ನೊಂದು ರಾತ್ರಿ ಹಿಡಿದಿದ್ದರು. ಕೋನಾದ ಹೋಟೆಲಿನ ಆ ರಾತ್ರಿಯ ಹಣ ಹೋಯಿತು. ಮರುಪಾವತಿ ಇರುವ ಕೋಣೆಗೆ ತುಸು ಹೆಚ್ಚು ಕೊಟ್ಟಿದ್ದರೆ ಉಳಿಯುತ್ತಿತ್ತು. ಜ್ವಾಲಾಮುಖಿ ನೋಡಲು ಹೊರಟವರು ಜಿಪುಣತನ ಮಾಡಬಾರದ ಒಂದೇ ಜಾಗ ಅದು.

ಹಗಲಿಗೆ ಪುನಾಲುಉ ಕಪ್ಪು ಮರಳಿನ ಕಿನಾರೆ. ಕಾದ ಲಾವಾ ಸಮುದ್ರಕ್ಕೆ ಬಿದ್ದು ಒಮ್ಮೆಗೇ ತಣಿದು ಸಿಡಿದು ಚೂರಾದದ್ದೇ ಈ ಮರಳು. ಅಂಗೈಯಲ್ಲಿ ಹಿಡಿದು ನೋಡಿದರೆ ಹೊಳೆಯುವ ಕರಿಯ ಗಾಜಿನ ಹರಳು. ಬಿಸಿಲಿಗೆ ಹಂಚಿನಂತೆ ಕಾಯುತ್ತದೆ, ಬರಿಗಾಲಿನ ಸಾಹಸ ಬೇಡ. ಅದರ ಮೇಲೆ ಹಸಿರು ಕಡಲಾಮೆಗಳು ಬಂಡೆಗಳಂತೆ ಬಿದ್ದುಕೊಂಡಿರುತ್ತವೆ. ಒಂದರ ಬೆನ್ನ ಮೇಲೆ ಪಾಚಿ, ಕಣ್ಣಂಚಿನಲ್ಲಿ ನೀರು. ಮೈಯಲ್ಲಿ ಹೆಚ್ಚಾದ ಉಪ್ಪನ್ನು ಅವು ಹೊರಹಾಕುವ ಬಗೆ ಅದು. ಹತ್ತಿರ ಹೋಗುವ ಹಾಗಿಲ್ಲ, ಮುಟ್ಟುವಂತೆಯೇ ಇಲ್ಲ, ಕಾನೂನಿದೆ.

ಮರಳನ್ನೂ ಒಯ್ಯುವ ಹಾಗಿಲ್ಲ. ಬೆಟ್ಟ ಪೆಲೆ ಎಂಬ ದೇವಿಯದು. ಅವಳ ಕಲ್ಲು ಒಯ್ದವರಿಗೆ ಕೆಡುಕು ತಪ್ಪದು ಎಂಬ ನಂಬಿಕೆ ಪ್ರವಾಸಿಗರಲ್ಲಿ ಹಬ್ಬಿದೆ. ಒಯ್ದವರು ಕ್ಷಮಾಪಣೆ ಬರೆದು ಅಂಚೆಯಲ್ಲಿ ಕಲ್ಲು ಹಿಂದಿರುಗಿಸುವುದೂ ಉಂಟು. ಭಾವ ಜೋರಾಗಿ ನಕ್ಕರು. ಅಕ್ಕ ನಗಲಿಲ್ಲ. "ಊರಿನ ಬನದ ಕಲ್ಲನ್ನು ನೀವು ಮನೆಗೆ ತರುತ್ತಿದ್ದಿರಾ?" ಎಂದಷ್ಟೇ ಕೇಳಿದಳು.

ರಾತ್ರಿ ಮೂರು ದಾಟಿರಬೇಕು. ಭಾವ ಬಾಗಿಲು ಬಡಿಯುತ್ತಿದ್ದರು. ಎದ್ದು ಜಗುಲಿಗೆ ಬಂದೆ. ಏನೂ ಕಾಣುತ್ತಿರಲಿಲ್ಲ, ಎರಡು ಮಾರು ದೂರದ ಕಾರು ಕೂಡ. ಮಂಜು ಹಳ್ಳಿಯನ್ನು ಮುಚ್ಚಿತ್ತು. ಆದರೆ ಕೇಳಿಸುತ್ತಿತ್ತು. ಮಳೆಗಾಲದಲ್ಲಿ ಜೋಗದ ದಾರಿಯಲ್ಲಿ, ನೀರು ಕಾಣುವ ಮೊದಲೇ ಕಾಡಿನ ಹಿಂದಿನಿಂದ ಬರುವ ಮೊರೆತವಿದೆಯಲ್ಲ, ಅದು. ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಸ್ವೆಟರಿನ ಮೇಲೆ ಮಳೆಯಂಗಿ ತೊಟ್ಟು ಕಾರು ಹತ್ತಿದೆವು. ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ, ರಸ್ತೆಯ ಹಳದಿ ಗೆರೆಯೊಂದನ್ನೇ ನಂಬಿ ಓಡಿಸಿದೆ. ಕುಳಿಯಂಚಿನಲ್ಲಿ ಆಗಲೇ ನೂರಾರು ಜನ, ಆದರೂ ಗದ್ದಲವಿರಲಿಲ್ಲ. ಮುಂದೆ ಮಂಜು, ಮತ್ತು ಆ ಮಂಜು ಇಡಿಯಾಗಿ ಕೆಂಪು. ಬೆಂಕಿ ಕಾಣದು, ಕುಳಿ ಕಾಣದು; ಕುಂಕುಮ ಕದಡಿದ ನೀರಿನೊಳಗೆ ನಿಂತ ಹಾಗೆ ಎಲ್ಲರ ಮುಖ, ಕೈ, ಉಸಿರಿನ ಹಬೆ ಕೆಂಪು. ಎದೆಗೂಡಿಗೆ ತಾಗುವ ಮೊರೆತ. ಅಪ್ಪನ ಹೆಗಲ ಮೇಲಿದ್ದ ಹುಡುಗನೊಬ್ಬ ಅದು ಎಲ್ಲಿದೆ, ಎಲ್ಲಿದೆ ಎಂದು ಕೇಳುತ್ತಲೇ ಇದ್ದ. ಎರಡು ಗಂಟೆ ಹೀಗೆಯೇ ಹೋಯಿತು. ಕೆಲವರು ಬೈದುಕೊಂಡು ಕಾರಿಗೆ ಮರಳಿದರು. ಅಕ್ಕ ಸೆರಗನ್ನು ತಲೆಯ ಮೇಲೆ ಹೊದ್ದು ಕಲ್ಲುಕಟ್ಟೆಯ ಮೇಲೆ ಕುಳಿತಿದ್ದಳು, ಭಜನೆ ಮುಗಿಯಲು ಕಾಯುವವರ ಹಾಗೆ.

ಬೆಳಕು ಹರಿಯುವ ಮುನ್ನ ಗಾಳಿ ದಿಕ್ಕು ಬದಲಿಸಿತು. ಮಂಜು ಹರಿದು ಎರಡಾಯಿತು. ನೆಟ್ಟಗೆ ಎದ್ದು ನಿಂತ ಬೆಂಕಿಯ ಕಂಬ; ತುದಿಯಲ್ಲಿ ಬಿಚ್ಚಿಕೊಂಡು ಕಿತ್ತಳೆ, ಆಮೇಲೆ ಕಡುಗೆಂಪು, ಬೀಳುವಾಗ ಕಪ್ಪು. ಮೂರು ಕಿಲೋಮೀಟರ್ ದೂರದಿಂದ ಮುಖಕ್ಕೆ ಒಲೆಯ ಮುಂದೆ ಕುಳಿತ ಬಿಸಿ. ಭಾವ ಕೈ ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಅಡ್ಡ ಹಿಡಿದು ಅಳೆದರು. "ಎರಡು ಹೆಬ್ಬೆರಳು. ಇನ್ನೂರು ಮೀಟರ್‌ಗೆ ಕಡಿಮೆ ಇಲ್ಲ" ಎಂದರು. ಕೈ ಇಳಿಸುವುದನ್ನು ಮರೆತರು. ಐದು ನಿಮಿಷವಿರಬಹುದು, ಏಳಿರಬಹುದು. ಮಂಜು ಮತ್ತೆ ಮುಚ್ಚಿತು.

ಐದನೇ ದಿನ: ಪಶ್ಚಿಮಕ್ಕೆ

ಬೆಳಕಾದ ಮೇಲೆ ನೋಡಿದರೆ ಕಾರಿನ ಮೇಲೆಲ್ಲ ಕಪ್ಪು ಪುಡಿ, ಅದರ ನಡುವೆ ಹೊಂಬಣ್ಣದ ಎಳೆಗಳು, ಮಗುವಿನ ಮೊದಲ ಕೂದಲಿನಷ್ಟು ನವಿರು. ಪೆಲೆಯ ಕೂದಲು ಎಂದೇ ಅದರ ಹೆಸರು. ಚಿಮ್ಮಿದ ಲಾವಾ ಗಾಳಿಯಲ್ಲಿ ಎಳೆದು ಗಾಜಿನ ದಾರವಾಗುತ್ತದೆ. ನೋಡಲು ರೇಷ್ಮೆ, ಚುಚ್ಚಿದರೆ ಸೂಜಿ. ಕಣ್ಣಿಗೂ ಉಸಿರಿಗೂ ಕೆಟ್ಟದ್ದು. ನಾನು ಅಭ್ಯಾಸಬಲದಿಂದ ವೈಪರ್ ಹಾಕಲು ಕೈ ಚಾಚಿದೆ. ಪಕ್ಕದ ಮನೆಯಾತ ಓಡಿ ಬಂದು ತಡೆದ. ಗಾಜಿನ ಮೇಲೆ ಗಾಜು ಉಜ್ಜಿದರೆ ಗೀರು ಬೀಳುತ್ತದೆ, ಬರೀ ನೀರು ಸುರಿಯಬೇಕು ಎಂದು ಕೊಳವೆ ತಂದು ಆತನೇ ತೊಳೆದುಕೊಟ್ಟ.

ದಕ್ಷಿಣದ ರಸ್ತೆ ಹಿಡಿದು ಕೋನಾ ತಲಪುವಾಗ ಮಧ್ಯಾಹ್ನ ಮೀರಿತ್ತು. ಬೆಟ್ಟದ ಹೊಗೆ ಗಾಳಿಯೊಂದಿಗೆ ಈ ಪಕ್ಕಕ್ಕೂ ಬರುತ್ತದೆ. ಸೂರ್ಯನ ಸುತ್ತ ಮಸುಕು. ದಮ್ಮು ಇರುವವರು ಹೊರಡುವ ಮುನ್ನ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು. ಹೋನೌನೌದ ಆಶ್ರಯಸ್ಥಾನದಲ್ಲಿ ಅರ್ಧ ಗಂಟೆ ನಿಂತೆವು. ಹಿಂದೆ ಕಟ್ಟಳೆ ಮುರಿದವನಿಗೆ ಮರಣದಂಡನೆ. ಅಟ್ಟಿಸಿಕೊಂಡು ಬರುವವರಿಗೆ ಸಿಗದೆ ಈ ಕಲ್ಲುಗೋಡೆಯ ಒಳಗೆ ಬಂದುಬಿಟ್ಟರೆ ಪುರೋಹಿತರು ಶುದ್ಧಿ ಮಾಡಿ ಬಿಡುತ್ತಿದ್ದರು. ನಮಗೆ ಬೇಕಾಗಿದ್ದದ್ದು ನಿದ್ದೆ ಮಾತ್ರ.

ಆರನೇ ದಿನ: ಅಕ್ಕನ ಮಧ್ಯಾಹ್ನ

ಪಟ್ಟಿಯಲ್ಲಿ ಮೌನಾ ಕೇಯ ಶಿಖರವಿತ್ತು, 4,200 ಮೀಟರ್, ದೂರದರ್ಶಕಗಳ ಬೆಟ್ಟ. ಕಡಿದಾದ ಕೊನೆಯ ದಾರಿಗೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ವಾಹನ ಬೇಕು, ನಮ್ಮದು ಅಂಥದ್ದಲ್ಲ. ನಿಜ ಹೇಳಬೇಕೆಂದರೆ ಅದು ನೆಪ. ಭಾವನೇ ಆ ಸಾಲನ್ನು ಹೊಡೆದುಹಾಕಿದರು.

ಹಾಪುನಾ ಕಿನಾರೆಯ ಮರಳು ಬಿಳಿ. ಹವಳ, ಚಿಪ್ಪುಗಳ ಪುಡಿ ಅದು. ಅದರಲ್ಲಿ ಒಂದಷ್ಟು ಗಿಳಿಮೀನುಗಳು ಹವಳ ಕೊರೆದು ತಿಂದು ವಿಸರ್ಜಿಸಿದ್ದು. ಇದನ್ನು ಅಕ್ಕ ಮರಳಿನ ಮೇಲೆ ಮಲಗಿದ ನಂತರ ಹೇಳಿದೆ. ಹೊರಗಿನಿಂದ ಸನ್‌ಸ್ಕ್ರೀನ್ ಒಯ್ಯುವ ಮುನ್ನ ಡಬ್ಬಿಯ ಬೆನ್ನು ಓದಿ: ಹವಳಕ್ಕೆ ಕೆಡುಕೆಂದು ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವವನ್ನು ಹವಾಯಿಯಲ್ಲಿ 2021ರಿಂದ ಮಾರುವ ಹಾಗಿಲ್ಲ. ಸೆಪ್ಟೆಂಬರ್ ಆದ್ದರಿಂದ ಅಲೆ ಮೆತ್ತಗಿತ್ತು. ಚಳಿಗಾಲದಲ್ಲಿ ಇದೇ ಕಿನಾರೆಯಲ್ಲಿ ಸೆಳೆತ ಜೋರು, ಜೀವರಕ್ಷಕರು ಬೇಡವೆಂದರೆ ಇಳಿಯಬಾರದು.

ಅಕ್ಕ ಸೊಂಟದವರೆಗಿನ ನೀರಿನಲ್ಲಿ ಎರಡು ಗಂಟೆ ನಿಂತಳು. ಈಜಲಿಲ್ಲ. ಅಲೆ ಬಂದಾಗ ಎದ್ದಳು, ಹೋದಾಗ ಕುಳಿತಳು. ನಾನು ಎರಡು ಸಲ ಕರೆದೆ, ಎರಡು ಸಲವೂ ಕೈ ಬೀಸಿದಳು.

ಹೊರಡುವಾಗ ನಲ್ಲಿಯ ಬಳಿ ಭಾವ ಚಪ್ಪಲಿಗಳನ್ನು ಕಂಬಕ್ಕೆ ಕುಟ್ಟಿ ಕುಟ್ಟಿ ಕೊಡವುತ್ತಿದ್ದರು. ಪ್ಯಾಂಟಿನ ಮಡಿಕೆಯನ್ನೂ ಬಿಚ್ಚಿ ಒದರಿದರು. "ಬಾಡಿಗೆಯ ಕಾರು. ಮರಳು ಬಿದ್ದರೆ ಹಣ ಹಿಡಿದುಕೊಳ್ಳುತ್ತಾರೆ" ಎಂದರು, ಯಾರೂ ಕೇಳದಿದ್ದರೂ.

ಏಳನೇ ದಿನ: ಕೋನಾ

ಕೋನಾ ವಿಮಾನ ನಿಲ್ದಾಣವೇ 1801ರ ಲಾವಾ ಹರಿವಿನ ಮೇಲೆ ಕಟ್ಟಿದ್ದು. ಸುತ್ತ ಹುಲ್ಲೂ ಸರಿಯಾಗಿ ಬೆಳೆದಿಲ್ಲ. ಅಮೆರಿಕದ ಮುಖ್ಯಭೂಮಿಗೆ ಹೋಗುವ ಚೀಲಗಳಿಗೆಲ್ಲ ಕೃಷಿ ಇಲಾಖೆಯ ತಪಾಸಣೆ ಇದೆ, ಹಣ್ಣು ಗಿಡ ಸಾಗಿಸದಂತೆ. ಅದಕ್ಕೆ ಅರ್ಧ ಗಂಟೆ ಮೊದಲೇ ಬನ್ನಿ.

ಕಾರು ಹಿಂದಿರುಗಿಸುವಲ್ಲಿ ಹುಡುಗನೊಬ್ಬ ಸುತ್ತು ಬಂದು ನೋಡಿ, ಸರಿ ಇದೆ ಎಂದು ಗುರುತು ಹಾಕಿದ. ಚೀಲ ಇಳಿಸುವಾಗ ಅಕ್ಕ ನನ್ನ ತೋಳು ಹಿಡಿದು ಎಳೆದಳು. ಮುಂದಿನ ಗಾಜಿನ ಕೆಳಗೆ, ರಬ್ಬರಿನ ಸಂದಿಯಲ್ಲಿ, ಹೊಂಬಣ್ಣದ ಒಂದು ಎಳೆ ಇನ್ನೂ ಸಿಕ್ಕಿಕೊಂಡಿತ್ತು. ಬಗ್ಗಿ ನೋಡಿದಳು, ಮುಟ್ಟಲಿಲ್ಲ. ಭಾವ ಗಡಿಯಾರ ನೋಡಿ ಹೊತ್ತಾಯಿತು ಎಂದು ಕರೆಯುತ್ತಿದ್ದರು.